ಮೊದಲು ಬಾಕಿ, ಆಮೇಲೆ ಟೆಂಟು

ಪುಣೆಯ ಹತ್ತಿರದ ಚಾಕಣದ ಕಾರ್ಖಾನೆಗಳಲ್ಲಿ ರಜೆ ಹತ್ತಿರ ಬಂತೆಂದರೆ ಕ್ಯಾಂಟೀನಿನ ಮಾತೆಲ್ಲ ಅಣೆಕಟ್ಟುಗಳ ಹಿನ್ನೀರಿನ ಕಡೆಗೆ ಹರಿಯುತ್ತದೆ. ಈ ಸಲ ಪವನಾಕ್ಕೆ ಹೋಗೋಣವೋ, ಮುಳಶಿಗೋ, ಅಥವಾ ಇಲ್ಲೇ ಮಗ್ಗುಲಲ್ಲಿರುವ ಭಾಮಾ ಆಸಖೇಡಕ್ಕೋ? ದಂಡೆಯ ಮೇಲೆ ಟೆಂಟು ಹಾಕುವುದು, ಕಟ್ಟಿಗೆ ಒಲೆಯ ಮೇಲಿನ ಪಿಠಲ-ಭಾಕರಿ ತಿನ್ನುವುದು, ಬೆಳಿಗ್ಗೆ ಎದ್ದು ಊರೊಳಗೊಂದು ಸುತ್ತು ಹಾಕಿ ಎಮ್ಮೆ ಕರೆಯುವುದನ್ನು ಮಕ್ಕಳಿಗೆ ತೋರಿಸುವುದು. ಇದರ ಹಿಂದೆ ಒಂದು ಸಿದ್ಧಾಂತವೂ ಇದೆ. ಪಟ್ಟಣದವರಿಗೆ ನೆಮ್ಮದಿ ಸಿಗುತ್ತದೆ, ಹಳ್ಳಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ನಗರ-ಗ್ರಾಮಗಳ ನಡುವಿನ ಕಂದಕ ಕಿರಿದಾಗುತ್ತದೆ ಎನ್ನುವುದು ಆ ಸಿದ್ಧಾಂತ. ಸರ್ಕಾರ ಇದನ್ನು ಗ್ರಾಮೀಣ ಪ್ರವಾಸೋದ್ಯಮ ಎಂದು ಕರೆದು ಬೆನ್ನು ತಟ್ಟುತ್ತದೆ. ಪತ್ರಿಕೆಗಳ ಭಾನುವಾರದ ಪುರವಣಿಗಳು ಚಿತ್ರಸಮೇತ ಹೊಗಳುತ್ತವೆ. ನಮ್ಮ ಕನ್ನಡದ ಮಂದಿಯೂ ಇಲ್ಲಿ ಸಂಘ ಕಟ್ಟಿ ಬಸ್ಸು ಮಾಡಿಕೊಂಡು ಹೋಗಿ ಬಂದು, ಹಳ್ಳಿಗಳಿಗೆ ಒಳ್ಳೆಯದು ಮಾಡಿದೆವು ಎಂದೇ ನಂಬಿದ್ದಾರೆ.

ಈ ನಂಬಿಕೆಗೆ ಬುಡವಿಲ್ಲ ಎನ್ನುವುದು ನನ್ನ ವಾದ. ಸಹ್ಯಾದ್ರಿಯ ಸೆರಗಿನಲ್ಲಿ ನಾವು ನೋಡಲು ಹೋಗುವ ಈ ನೀರಿನ ದಡದ ಊರುಗಳು ನಮ್ಮನ್ನು ಉಪಚರಿಸಲು ಕಾದು ಕುಳಿತ ಆತಿಥೇಯರಲ್ಲ. ಅವು ನಮಗೆ ಸಾಲ ಕೊಟ್ಟಿರುವ ಊರುಗಳು. ಕೊಟ್ಟದ್ದು ಹೊಲ, ಮನೆ, ಗುಡಿ, ಸ್ಮಶಾನ. ಅಸಲು ತೀರಿಲ್ಲ, ಬಡ್ಡಿಯ ಸುದ್ದಿಯೇ ಇಲ್ಲ. ಸಾಲ ಮಾಡಿದವನು ಕೊಟ್ಟವನ ಮನೆಗೇ ಹೋಗಿ, ಜಗಲಿಯ ಮೇಲೆ ಕಾಲು ಚಾಚಿ ಕೂತು, ಹೊಟ್ಟೆ ತುಂಬ ಉಂಡು, ಏಳುವಾಗ ಎಲೆಯ ಪಕ್ಕ ನೂರು ರೂಪಾಯಿ ಇಟ್ಟು ‘ಪಾಪ, ಇವರಿಗೂ ಏನೋ ಒಂದು ಆದಾಯವಾಯಿತು’ ಎಂದುಕೊಂಡು ಎದ್ದು ಬಂದರೆ ಹೇಗಿರುತ್ತದೋ, ನಮ್ಮ ಹಳ್ಳಿ ಪ್ರವಾಸ ಹಾಗಿದೆ.

ಭಾಮಾ ಆಸಖೇಡವನ್ನೇ ನೋಡಿ. ಚಾಕಣದ ಆಂಬೇಠಾಣ ಚೌಕದಿಂದ ಪಶ್ಚಿಮಕ್ಕೆ ಹೊರಟರೆ ಒಂದಷ್ಟು ದೂರ ಕಂಪನಿಗಳ ಗೋಡೆಗಳೇ ಜೊತೆಗೆ ಬರುತ್ತವೆ. ಕಂಟೇನರ್ ಲಾರಿಗಳು ರಸ್ತೆಯ ಅರ್ಧ ನುಂಗಿರುತ್ತವೆ. ವರಾಳೆ, ಶಿಂದೆ-ವಾಸುಲಿ ದಾಟಿದ ಮೇಲೆ ಗೋಡೆಗಳು ಮುಗಿದು ಗುಡ್ಡಗಳು ಶುರುವಾಗುತ್ತವೆ. ಕರಂಜವಿಹಿರೆ ಎಂಬ ಊರು ಬಂದಾಗ ಮುಂದೆ ನೀರು ಕಾಣುತ್ತದೆ. ಭಾಮಾ ನದಿಗೆ ಆಸಖೇಡದ ಬಳಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. ಕಣಿವೆಯ ತಳ ಆ ನೀರಿನ ಅಡಿಯಲ್ಲಿದೆ. ಈ ಸೀಮೆಯಲ್ಲಿ ಭತ್ತ ಬೆಳೆಯುವುದು ಕಣಿವೆಯ ತಳದಲ್ಲಿ, ಗುಡ್ಡದ ಓರೆಯಲ್ಲಿ ಬರುವುದು ಹೆಚ್ಚೆಂದರೆ ನಾಚಣಿ (ರಾಗಿ), ವರಿಯಂಥ ಕಿರುಧಾನ್ಯ. ತಳ ಮುಳುಗಿತು ಎಂದರೆ ಅನ್ನ ಮುಳುಗಿತು ಎಂದೇ ಅರ್ಥ. ಇವತ್ತು ದಡದ ಊರುಗಳು ಎಂದು ನಾವು ಫೋಟೋ ತೆಗೆಯುವ ಮನೆಗಳಲ್ಲಿ ಎಷ್ಟೋ ಮನೆಗಳು, ಕೆಳಗಿನಿಂದ ಎದ್ದು ಓರೆಗೆ ಬಂದು ಕೂತವು. ಅವರು ನೀರಿನ ಹತ್ತಿರ ಬರಲಿಲ್ಲ, ನೀರೇ ಅವರ ಮೇಲೆ ಬಂತು.

ಅಣೆಕಟ್ಟು ಕಟ್ಟುವಾಗ ಹೇಳಿದ್ದು ನೀರಾವರಿಯ ಮಾತು. ಮಹಾರಾಷ್ಟ್ರದ ಪುನರ್ವಸತಿ ಕಾನೂನಿನ ತರ್ಕವೂ ನೀರಾವರಿಯ ಮೇಲೆಯೇ ನಿಂತದ್ದು. ಮೇಲಿನವರ ಹೊಲ ಮುಳುಗಿ ಕೆಳಗಿನವರ ಹೊಲ ನೀರು ಕಾಣುತ್ತದೆ, ಆದ್ದರಿಂದ ಕೆಳಗಿನವರ ಜಮೀನಿನಲ್ಲಿ ಒಂದು ಪಾಲನ್ನು ಮೇಲಿನವರಿಗೆ ಬಿಡಿಸಿಕೊಡಬೇಕು. ಕೇಳಲು ನ್ಯಾಯವಾಗಿದೆ. ಆದರೆ ಹಾಗೆ ಜಮೀನು ಬೇಕೆಂದರೆ ಮುಳುಗಿದ ಹೊಲಕ್ಕೆ ಬಂದ ಪರಿಹಾರದಲ್ಲಿ ಶೇ 65 ಭಾಗವನ್ನು ಸರ್ಕಾರಕ್ಕೆ ತಿರುಗಿ ಕಟ್ಟಬೇಕು ಎಂಬ ಷರತ್ತಿದೆ. ಮನೆ ಕಳೆದುಕೊಂಡು, ಬಂದ ಹಣದಲ್ಲಿ ಹೊಸ ಗೋಡೆ ಎಬ್ಬಿಸಿ, ಮಗಳ ಮದುವೆ ಮಾಡಿ ಕೂತವನಿಗೆ ನೋಟೀಸಿನ ಭಾಷೆಯಲ್ಲಿ ಇದನ್ನು ಹೇಳಿದರೆ ಅವನು ಏನು ಮಾಡಬೇಕು? ಕಟ್ಟಲಾಗದವರು ಜಮೀನಿನ ಪಟ್ಟಿಯಿಂದ ಹೊರಗೆ ಬಿದ್ದರು, ಕೋರ್ಟಿಗೆ ಅಲೆದರು. ಅಷ್ಟರಲ್ಲಿ ನೀರಿನ ದಾರಿಯೇ ಬದಲಾಯಿತು. ಹೊಲದ ಹೆಸರಿನಲ್ಲಿ ಕಟ್ಟಿದ ನೀರಿನ ದೊಡ್ಡ ಪಾಲು ನಗರದ ಕಡೆ ಹೊರಳಿತು. ಕೆಳಗಿನ ಹೊಲಕ್ಕೇ ನೀರು ಹೋಗದಿದ್ದರೆ, ಆ ಹೊಲದಲ್ಲಿ ಪಾಲು ಕೇಳುವ ಮೇಲಿನವನ ಹಕ್ಕು ಯಾವ ನೆಲದ ಮೇಲೆ ನಿಲ್ಲಬೇಕು?

ನಗರಕ್ಕೆ ಹೋದ ನೀರಿನ ಲೆಕ್ಕ ಮಾತ್ರ ಸ್ಪಷ್ಟವಾಗಿದೆ. ಪುಣೆಯ ಪೂರ್ವ ಭಾಗಕ್ಕೆ, ಅಂದರೆ ವಡಗಾವ್ ಶೇರಿ, ಖರಾಡಿ, ವಿಮಾನ ನಗರ, ಧಾನೋರಿಯ ಕಡೆಗೆ, ಇಲ್ಲಿಂದ ದಿನಕ್ಕೆ 20 ಕೋಟಿ ಲೀಟರ್ ಒಯ್ಯುವ ಯೋಜನೆ. ವರ್ಷಕ್ಕೆ ಸುಮಾರು ಎರಡೂವರೆ ಟಿಎಂಸಿ. ಎಂಟು ಟಿಎಂಸಿ ಚಿಲ್ಲರೆ ಹಿಡಿಯುವ ಅಣೆಕಟ್ಟಿನಲ್ಲಿ ಇದು ಮೂರನೇ ಒಂದು ಪಾಲಿಗೆ ಹತ್ತಿರ. ಕೊಳವೆ ಹಾಕುವ ಕೆಲಸವನ್ನು ಸಂತ್ರಸ್ತರು ಮತ್ತೆ ಮತ್ತೆ ತಡೆದರು. ಅವರು ಕೇಳಿದ್ದು ಒಂದೇ: ನಮ್ಮ ಪುನರ್ವಸತಿ ಮುಗಿಸಿ, ಆಮೇಲೆ ನೀರು ಒಯ್ಯಿರಿ. 2020ರಲ್ಲಿ, ಕೊರೊನಾದ ಆ ವರ್ಷದಲ್ಲೇ, ಪೊಲೀಸ್ ಬಂದೋಬಸ್ತಿನಲ್ಲಿ ಕೆಲಸ ಮುಗಿಸಿದರು. 2021ರ ಜನವರಿ 1ರಂದು ಪುಣೆಯಲ್ಲಿ ಉದ್ಘಾಟನೆ ನಡೆಯಿತು. ಒಬ್ಬರನ್ನೊಬ್ಬರು ಹರಿದು ತಿನ್ನುವಂತೆ ಮಾತಾಡುತ್ತಿದ್ದ ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಮತ್ತು ವಿರೋಧ ಪಕ್ಷದ ನಾಯಕ ದೇವೇಂದ್ರ ಫಡಣವೀಸ್ ಅಂದು ಒಂದೇ ವೇದಿಕೆಯ ಮೇಲೆ ಕೂತರು. ನಗರದ ನಲ್ಲಿಯ ಮುಂದೆ ಪಕ್ಷಭೇದ ಇರುವುದಿಲ್ಲ.

ಈಗ ಟೆಂಟಿನವರ ಕಡೆ ಬನ್ನಿ. ಖರಾಡಿಯ ಸಾಫ್ಟ್‌ವೇರ್ ಕಂಪನಿಯ ಹುಡುಗ ಹುಡುಗಿಯರು ಶನಿವಾರ ಸಂಜೆ ಬಂದು ಈ ದಂಡೆಯ ಮೇಲೆ ಕೂರುತ್ತಾರೆ. ಬೆಳಿಗ್ಗೆ ತಾವು ಹಲ್ಲುಜ್ಜಿದ ನೀರು ಇಲ್ಲಿಯದು ಎಂಬುದು ಅವರಿಗೆ ಗೊತ್ತಿಲ್ಲ. ಅದು ಅವರ ತಪ್ಪೂ ಅಲ್ಲ. ನಲ್ಲಿಗೆ ಬಾಯಿಲ್ಲ, ಬಿಲ್ಲಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಆದರೆ ಗೊತ್ತಿಲ್ಲದಿರುವುದನ್ನೇ ಒಂದು ಅನುಭವವಾಗಿ ಕಟ್ಟಿ ಮಾರುವವರು ಇದ್ದಾರಲ್ಲ, ಅವರಿಗೆ ಗೊತ್ತಿದೆ. ಜಾಹೀರಾತಿನಲ್ಲಿ ಮುಟ್ಟದ ಪ್ರಕೃತಿ, ಕಾಲ ನಿಂತುಹೋದ ಊರು ಎಂದೆಲ್ಲ ಬರೆದಿರುತ್ತದೆ. ಅಡ್ಡಗಟ್ಟಿ ನಿಲ್ಲಿಸಿದ ನೀರು ಮುಟ್ಟದ ಪ್ರಕೃತಿಯಂತೆ! ಸರ್ಕಾರದ ನಕ್ಷೆಯೊಂದು ಬುಡಮೇಲು ಮಾಡಿದ ಊರಿನಲ್ಲಿ ಕಾಲ ನಿಂತುಹೋಗಿದೆಯಂತೆ! ಈ ಕಣಿವೆ ಕಂಡಷ್ಟು ಬದಲಾವಣೆಯನ್ನು ಚಾಕಣದ ಪೇಟೆಯೂ ಕಂಡಿಲ್ಲ.

ಜಾಹೀರಾತಿನವರು ಮೇ ತಿಂಗಳ ಫೋಟೋ ಹಾಕುವುದಿಲ್ಲ. ಹಾಕಿದರೆ ವ್ಯಾಪಾರ ಕೆಡುತ್ತದೆ. ಮೇ ತಿಂಗಳಲ್ಲಿ ನೀರು ಕೆಳಗಿಳಿದು, ದಂಡೆ ಬಿರಿದ ಕೆಸರಾಗಿ, ಒಂದೊಂದು ವಾರದ ಇಳಿತಕ್ಕೆ ಒಂದೊಂದು ಗೆರೆ ಮೂಡಿರುತ್ತದೆ. ಗೆರೆಯ ಮೇಲೆ ಚಿಪ್ಸಿನ ಖಾಲಿ ಪೊಟ್ಟಣ, ಬಾಟಲಿಯ ಚೂರು, ಕಪ್ಪಗೆ ಸುಟ್ಟ ಕ್ಯಾಂಪ್‌ಫೈರಿನ ವೃತ್ತ. ಎಮ್ಮೆಗಳು ಮಂಡಿಯವರೆಗೆ ಹೂತುಕೊಂಡು ನೀರಿಗೆ ಹೋಗಬೇಕು. ರೈತನೊಬ್ಬ ಇಳಿದ ನೀರಿನ ಹಿಂದೆ ಹಿಂದೆಯೇ ಪಂಪ್‌ಸೆಟ್ಟಿನ ಪೈಪು ಎಳೆದುಕೊಂಡು ಹೋಗುತ್ತಿರುತ್ತಾನೆ, ಹತ್ತು ಅಡಿ, ಮತ್ತೆ ಹತ್ತು ಅಡಿ. ಪವನಾದ ಹಿನ್ನೀರಿನಲ್ಲಿ ಇದೇ ಕಾಲಕ್ಕೆ ವಾಘೇಶ್ವರನ ಹಳೆಯ ಗುಡಿ ನೀರಿನಿಂದ ಮೇಲೆ ಬರುತ್ತದೆ. ಕೆಳಗೆ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಪಳಸದೇವದ ಗುಡಿಯ ಶಿಖರ ಕಾಣುತ್ತದೆ. ಅದನ್ನು ನೋಡಲೂ ಜನ ಬರುತ್ತಾರೆನ್ನಿ. ‘ಅದ್ಭುತ’ ಎನ್ನುತ್ತಾರೆ. ಆ ಗುಡಿಯಲ್ಲಿ ದೀಪ ಹಚ್ಚುತ್ತಿದ್ದ ಮನೆತನ ಈಗ ಎಲ್ಲಿದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಮುಳಶಿಯ ದಡದ ರೆಸಾರ್ಟಿನಲ್ಲಿ ಕೂತು ಮಳೆ ನೋಡುವವರು 1921ಕ್ಕೆ ಹೋಗಿ ಬರಬೇಕು. ಮುಂಬಯಿಗೆ ವಿದ್ಯುತ್ ಬೇಕಾಗಿತ್ತು. ಮುಳಾ ಮತ್ತು ನೀಲಾ ನದಿಗಳು ಕೂಡುವಲ್ಲಿ ಅಣೆಕಟ್ಟು ಕಟ್ಟಲು ಟಾಟಾ ಕಂಪನಿ ಹೊರಟಿತು, ಬ್ರಿಟಿಷ್ ಸರ್ಕಾರ ಭೂಸ್ವಾಧೀನದ ಕಾನೂನನ್ನು ಅದರ ಕೈಗೆ ಕೊಟ್ಟಿತು. ಆ ವರ್ಷದ ರಾಮನವಮಿಯಂದು, ಏಪ್ರಿಲ್ 16ರಂದು, ಮಾವಳದ ರೈತರು ಹೆಂಗಸರು ಮಕ್ಕಳ ಸಮೇತ ಕಾಮಗಾರಿಯ ಜಾಗಕ್ಕೆ ಹೋಗಿ ಕೂತರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಬಂದದ್ದು ಈ ಹೋರಾಟದಲ್ಲಿ. ಮೂರು ವರ್ಷ ನಡೆಯಿತು, ಜೈಲುಗಳು ತುಂಬಿದವು, ಹೋರಾಟ ಸೋತಿತು, ಅಣೆಕಟ್ಟು ಎದ್ದಿತು. ರಾಜಕೀಯಶಾಸ್ತ್ರಜ್ಞ ರಾಜೇಂದ್ರ ವೋರಾ ಇದನ್ನು ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಎಂದು ಕರೆದು ಪುಸ್ತಕವನ್ನೇ ಬರೆದಿದ್ದಾರೆ.

ಆ ಪುಸ್ತಕದಿಂದ ನಾನು ಎತ್ತಿಕೊಳ್ಳುವ ಸಂಗತಿ ಬೇರೆ. ಮುಳಶಿಯ ಜಮೀನಿನ ಒಡೆತನದ ದೊಡ್ಡ ಪಾಲು ಪುಣೆಯಲ್ಲಿದ್ದ ಸಾವಕಾರರ, ಭೂಮಾಲೀಕರ ಕೈಯಲ್ಲಿತ್ತು. ಉಳುವವರು ಮಾವಳರು. ಮಾಲೀಕರು ಮೊದಲು ಚಳವಳಿಯ ಜೊತೆ ಇದ್ದು, ಪರಿಹಾರದ ಮೊತ್ತ ಸರಿ ಕಂಡೊಡನೆ ಅದನ್ನು ತೆಗೆದುಕೊಂಡು ಪಕ್ಕಕ್ಕೆ ಸರಿದರು. ಉಳುವವನಿಗೆ ನೆಲ ಬೇಕಾಗಿತ್ತು, ಮಾಲೀಕನಿಗೆ ನೆಲದ ಬೆಲೆ ಸಾಕಾಗಿತ್ತು. ನೂರು ವರ್ಷದ ಮೇಲೂ ಈ ದಡಗಳಲ್ಲಿ ಆ ಎರಡು ಬೇಡಿಕೆಗಳು ಒಂದಾಗಿಲ್ಲ. ಬಂಗಲೆ ಪ್ಲಾಟು ಮಾಡಿ ಮಾರುವವನು ನೆಲದ ಬೆಲೆಯ ಕಡೆಯವನು. ಅವನ ಕಾಂಪೌಂಡಿನಲ್ಲಿ ವಾಚ್‌ಮನ್ ಕೆಲಸಕ್ಕೆ ನಿಂತ, ಪ್ರಕಲ್ಪಗ್ರಸ್ತನ (ಯೋಜನೆಯ ಸಂತ್ರಸ್ತನ) ಮೊಮ್ಮಗ ನೆಲದ ಕಡೆಯವನು. ಪ್ರವಾಸೋದ್ಯಮ ಎಂಬ ಒಂದೇ ಹೆಸರಿನಡಿ ಇಬ್ಬರನ್ನೂ ಸ್ಥಳೀಯರು ಎಂದು ಸೇರಿಸಿ, ಸ್ಥಳೀಯರಿಗೆ ಲಾಭ ಎಂದು ಬರೆಯುವುದು ಲೆಕ್ಕದ ಮೋಸ.

ಲಾಭದ ಮಾತನ್ನು ಇನ್ನೂ ಸ್ವಲ್ಪ ಬಿಡಿಸೋಣ, ಏಕೆಂದರೆ ಎದುರು ವಾದದವರ ಗಟ್ಟಿ ಕಂಬ ಇದೇ. ಬಾರಾಮತಿಯ ಕಡೆ ಪಾಂಡುರಂಗ ತಾವರೆಯವರು ಇಪ್ಪತ್ತು ವರ್ಷಗಳ ಹಿಂದೆ ಕೃಷಿ ಪ್ರವಾಸೋದ್ಯಮವನ್ನು ಕಟ್ಟತೊಡಗಿದರು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಸ್ವಂತ ಹೊಲವಿರುವ ರೈತ, ತನ್ನ ಹೆಸರಿನ ಸಾತಬಾರಾ ಉತಾರ (ಪಹಣಿ) ಇರುವ ರೈತ, ತನ್ನ ತೋಟಕ್ಕೆ ಜನರನ್ನು ಕರೆದು ಊಟ ಹಾಕಿ ಹಣ ತೆಗೆದುಕೊಂಡರೆ ಅದರಲ್ಲಿ ನನ್ನ ತಕರಾರು ಏನೂ ಇಲ್ಲ. ಬೆಲೆ ಅವನು ಹೇಳುತ್ತಾನೆ, ಬಾಗಿಲು ಅವನದು, ಬೇಡವೆಂದರೆ ಬೇಡ. ಹಿನ್ನೀರಿನ ದಡದಲ್ಲಿ ಈ ಮೂರೂ ಇಲ್ಲ. ನೀರು ಮತ್ತು ನೀರಿನಂಚಿನ ನೆಲ ಜಲಸಂಪನ್ಮೂಲ ಇಲಾಖೆಯದು, ಮುಳಶಿಯಲ್ಲಾದರೆ ಕಂಪನಿಯದು. ಅದರ ಮೇಲಿನ ಓರೆ ಎಷ್ಟೋ ಕಡೆ ಪುಣೆ ಮುಂಬಯಿಯವರ ಕೈ ಸೇರಿದೆ. ನಡುವೆ ಸಿಕ್ಕ ಊರಿನವರಿಗೆ ಉಳಿದದ್ದು ಟೆಂಟು ಕಟ್ಟುವ ಕೂಲಿ, ಭಾಕರಿ ತಟ್ಟುವ ಕೂಲಿ, ಬೆಳಿಗ್ಗೆ ಬಾಟಲಿ ಆಯುವ ಕೂಲಿ. ಬುಕಿಂಗಿನ ಹಣ ಮೊಬೈಲಿನಲ್ಲೇ ಎಲ್ಲಿಗೋ ಹೋಗಿರುತ್ತದೆ. ಕೂಲಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಾಕಣದ ಕಂಪನಿಗಳಲ್ಲೂ ಕೂಲಿ ಸಿಗುತ್ತದೆ. ಆದರೆ ಕಂಪನಿಯವರು ಯಾರೂ ನಿಮ್ಮ ಊರನ್ನು ಉದ್ಧಾರ ಮಾಡಲು ಬಂದೆವು ಎಂದು ಭಾವುಕರಾಗುವುದಿಲ್ಲ. ಆ ಮಟ್ಟಿಗೆ ಅವರು ಪ್ರಾಮಾಣಿಕರು.

ದೊಡ್ಡ ಪ್ರಮಾಣದಲ್ಲಿ ಇದೇ ತರ್ಕ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ವರಸಗಾವ್ ಹಿನ್ನೀರಿನ ದಂಡೆಯ ಲವಾಸಾ ಇದೆ. ಹಿನ್ನೀರಿನ ಮೇಲೊಂದು ಇಟಲಿಯ ಪಟ್ಟಣ ಕಟ್ಟುತ್ತೇವೆಂದು ಹೊರಟರು, 2010ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಲು ನೋಟೀಸು ಕೊಟ್ಟಿತು, 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬಣ್ಣ ಉದುರುತ್ತಿರುವ ಆ ಕಟ್ಟಡಗಳ ಮುಂದೆ ಈಗಲೂ ಸೆಲ್ಫಿ ತೆಗೆಯುವವರಿದ್ದಾರೆ. ಅದರ ಮೇಲೆ ಹೆಚ್ಚು ಮಾತು ಬೇಡ.

ಇನ್ನು ಕಂದಕ ಕಿರಿದಾಗುತ್ತದೆ, ಪಟ್ಟಣದವನಿಗೆ ಹಳ್ಳಿಯ ಕಷ್ಟ ತಿಳಿಯುತ್ತದೆ ಎಂಬ ಮಾತು. 2025ರ ಜೂನ್ 15ರ ಭಾನುವಾರ, ತಳೇಗಾವ್ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿಯಿತು. ನಾಲ್ಕು ಜನ ಸತ್ತರು. ಚಾಕಣದಿಂದ ಅದು ದೂರವೇನಲ್ಲ. ಆ ಸೇತುವೆ ಊರಿನವರು ಹೊಳೆ ದಾಟಲೆಂದು ಇದ್ದದ್ದು. ಹಳೆಯದಾಗಿದೆ, ಅಪಾಯ ಎಂದು ಗೊತ್ತಿದ್ದರೂ ಹೊಸದನ್ನು ಕಟ್ಟಿರಲಿಲ್ಲ. ಊರಿನವರು ವಾರವಿಡೀ ಅದರ ಮೇಲೆ ಓಡಾಡುವಾಗ ಅದು ಸುದ್ದಿಯಾಗಲಿಲ್ಲ. ಹಳ್ಳಿಯ ಕಷ್ಟವನ್ನು ಪಟ್ಟಣದವರು ಅರಿತುಕೊಳ್ಳುವ ಬಗೆ ಇದೇ ಆದರೆ, ಆ ಕಷ್ಟದೊಳಗೆ ತಾವೇ ಬಿದ್ದ ಮೇಲೆ ಮಾತ್ರ ಅದು ಕಾಣುತ್ತದೆ ಎಂದಾಯಿತು. ಹಿಂದಿನ ವರ್ಷ, 2024ರ ಜೂನ್ 30ರಂದು, ಲೋಣಾವಳದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಪ್ರತಿ ಸಲವೂ ಜಿಲ್ಲಾಡಳಿತ ನಿಷೇಧದ ಆದೇಶ ಹೊರಡಿಸುತ್ತದೆ. ಅದನ್ನು ಕಾಯಬೇಕಾದವರೂ, ನೀರಿಗಿಳಿದು ಹೆಣ ಎತ್ತುವವರಲ್ಲಿ ಮೊದಲಿಗರೂ ಅದೇ ಊರಿನ ಹುಡುಗರು.

ಪವನಾದ ಕಥೆಯಲ್ಲಿ ರಕ್ತವೂ ಇದೆ. ಪವನಾದಿಂದ ಪಿಂಪ್ರಿ-ಚಿಂಚವಡಕ್ಕೆ ಮುಚ್ಚಿದ ಕೊಳವೆಯಲ್ಲಿ ನೀರು ಒಯ್ಯುವ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ರೈತರು ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಬವೂರ್ ಬಳಿ ರಸ್ತೆಗಿಳಿದಾಗ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಅವರಲ್ಲಿ ಒಬ್ಬರು ಹೆಂಗಸು. ನೀರು ನದಿಯಲ್ಲೇ ಹರಿಯಲಿ, ದಾರಿಯಲ್ಲಿ ನಮ್ಮ ಹೊಲಗಳೂ ಕುಡಿಯಲಿ ಎನ್ನುವುದಷ್ಟೇ ಅವರ ಮಾತಾಗಿತ್ತು. ಆ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆಯೇ ಶನಿವಾರ ಮುಂಬಯಿಯ ಕಾರುಗಳು ಪವನಾದ ಟೆಂಟುಗಳಿಗೆ ಸಾಲುಗಟ್ಟಿ ಬರುತ್ತವೆ. ಅಲ್ಲಿನ ಹಾಡು, ಬಾರ್ಬೆಕ್ಯೂ, ರಾತ್ರಿ ಹನ್ನೆರಡರ ಸ್ಪೀಕರು ಇವುಗಳ ನಡುವೆ ಗ್ರಾಮಸಂಸ್ಕೃತಿಯ ಪರಿಚಯ ಯಾವ ಹೊತ್ತಿಗೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳುತ್ತೇನೆ.

ಕನ್ನಡದವರಿಗೆ ಇದರಲ್ಲಿ ಏನು ಎನ್ನಬಹುದು. ಬಹಳ ಇದೆ. ಚಾಕಣದ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಅಫಜಲಪುರ, ಆಳಂದ, ಇಂಡಿ, ಸಿಂದಗಿ ಕಡೆಯ ಹುಡುಗರು ಊರು ತುಂಬ ಇದ್ದಾರೆ. ಒಂದು ಕೋಣೆಯಲ್ಲಿ ಐದಾರು ಮಂದಿ ಇದ್ದು, ಪಾಳಿಯಲ್ಲಿ ದುಡಿದು, ರಜೆಯ ದಿನ ಬೈಕಿನ ಮೇಲೆ ಇವರೂ ಇದೇ ನೀರಿಗೆ ಬರುತ್ತಾರೆ. ಅವರಲ್ಲಿ ಒಬ್ಬ, ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುವ ಅಫಜಲಪುರ ತಾಲ್ಲೂಕಿನವನು, ಕಟ್ಟೆಯ ಮೇಲೆ ನಿಂತು ಕೇಳಿದ: “ಸರ, ಈ ನೀರ ಮುಂದ ಎಲ್ಲಿಗಿ ಹೋಗ್ತದ್ರೀ?”

“ಭೀಮಾಕ್ಕ ಕೂಡ್ತದ. ಅಲ್ಲಿಂದ ನಿಮ್ಮೂರ ಮುಂದನ ಹಾದು ಹೋಗ್ತದ” ಎಂದೆ.

“ನಮ್ಮೂರಾಗ ಬ್ಯಾಸಗಿಗಿ ಹೊಳಿ ಬತ್ತಿ ಬರೇ ಉಸುಕ ಕಾಣ್ತದ್ರೀ. ನೀರೆಲ್ಲ ಇಲ್ಲೇ ಹಿಡದ ಇಟ್ಟಾರ ನೋಡ್ರಿ!” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಕೆಳಗಿದ್ದ ಊರುಗಳ ಮಂದಿ ಎಲ್ಲಿಗೆ ಹೋದರು ಎಂದು ಕೇಳಿದ. ಅವನ ಜೊತೆಯವರು ಯಾರೂ ಅದನ್ನು ಕೇಳಿರಲಿಲ್ಲ, ಬಸ್ಸು ಮಾಡಿಕೊಂಡು ಬರುವ ನಮ್ಮ ಸಂಘದವರಂತೂ ಕೇಳುವುದೇ ಇಲ್ಲ.

ಅವನ ಮಾತಿನಲ್ಲಿ ಭೂಗೋಳ ಸರಿಯಾಗಿತ್ತು. ಭೀಮಾಶಂಕರದಲ್ಲಿ ಹುಟ್ಟುವ ಭೀಮಾ, ಚಾಕಣವಿರುವ ಇದೇ ಖೇಡ ತಾಲ್ಲೂಕಿನ ಚಾಸಕಮಾನದಲ್ಲಿ ಒಮ್ಮೆ ನಿಂತು, ಭಾಮಾ, ಇಂದ್ರಾಯಣಿ, ಮುಳಾ-ಮುಠೆಗಳನ್ನು ಕೂಡಿಸಿಕೊಂಡು, ಉಜನಿಯಲ್ಲಿ ಮತ್ತೆ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಗಾಣಗಾಪುರದ ಮಗ್ಗುಲಲ್ಲಿ ಹಾದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಮುಳಶಿಯಲ್ಲಿ ನಿಲ್ಲಿಸಿದ ನೀರು ಮಾತ್ರ ಈ ದಾರಿ ಹಿಡಿಯುವುದೇ ಇಲ್ಲ. ಭಿರಾದ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿಸಿ ಕೊಂಕಣಕ್ಕಿಳಿದು ಅರಬ್ಬಿ ಸಮುದ್ರ ಸೇರುತ್ತದೆ. ನ್ಯಾಯಮಂಡಳಿಗಳ ಮುಂದೆ ಎರಡು ರಾಜ್ಯಗಳ ವಕೀಲರು ವಾದಿಸುವಾಗ ಈ ನೀರು ಟಿಎಂಸಿಗಳಾಗಿರುತ್ತದೆ. ಪ್ರವಾಸಿಯ ಫೋನಿನಲ್ಲಿ ನೀಲಿ ಬಣ್ಣವಾಗಿರುತ್ತದೆ. ಎರಡೂ ಕಡೆ ಮುಳುಗಿದವನ ಹೆಸರಿಲ್ಲ.

ಮಹಾರಾಷ್ಟ್ರವನ್ನು ಬೈದು ಕೈ ತೊಳೆದುಕೊಳ್ಳುವ ಹಕ್ಕೂ ನಮಗಿಲ್ಲ. ಲಿಂಗನಮಕ್ಕಿ 1964ರಲ್ಲಿ ಎದ್ದಿತು. ರಾಜ್ಯಕ್ಕೆ ಬೆಳಕು ಕೊಟ್ಟ ಶರಾವತಿ ಕಣಿವೆಯ ಜನ ಅರಣ್ಯದ ನೆಲದಲ್ಲಿ ತಂದು ಕೂರಿಸಲ್ಪಟ್ಟು, ಆ ನೆಲ ತಮ್ಮದೋ ಅರಣ್ಯ ಇಲಾಖೆಯದೋ ಎಂದು ಆರು ದಶಕಗಳ ಮೇಲೂ ಕಚೇರಿ ಅಲೆಯುತ್ತಿದ್ದಾರೆ. ತುಮರಿಯ ಜನ ದ್ವೀಪದಂತಾದ ನೆಲದಿಂದ ಹೊರಬರಲು ಲಾಂಚಿಗಾಗಿ ಕಾದರು. ರಾತ್ರಿ ಹೆರಿಗೆ ನೋವು ಬಂದರೆ ದೇವರೇ ಗತಿ. ಅದೇ ಲಾಂಚು ಸಿಗಂದೂರಿಗೆ ಹೋಗುವ ನಮಗೆ ಖುಷಿಯ ಸವಾರಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಾಗ, ಇನ್ನು ಲಾಂಚಿನ ಮಜಾ ಹೋಯಿತಲ್ಲ ಎಂದು ಹಲುಬಿದವರನ್ನು ನಾನು ಇಲ್ಲೇ ಚಾಕಣದಲ್ಲಿ ಕೇಳಿದ್ದೇನೆ. ನಾ. ಡಿಸೋಜರ ‘ಮುಳುಗಡೆ’ಯನ್ನು, ‘ದ್ವೀಪ’ವನ್ನು ಓದಿ ಕಣ್ಣೀರು ಹಾಕಿದ ನಾಡಿನವರ ಬಾಯಲ್ಲಿ ಈ ಮಾತು ಬಂತು. ಪುಸ್ತಕದ ಮುಳುಗಡೆ ನಮಗೆ ಸಂಕಟ, ಕಣ್ಣೆದುರಿನ ಮುಳುಗಡೆ ವೀಕೆಂಡು.

ಎದುರಿನವರ ಕೊನೆಯ ಮಾತು ನನಗೆ ಗೊತ್ತು. ಆದದ್ದು ಆಗಿಹೋಯಿತು, ಅಣೆಕಟ್ಟು ಒಡೆಯಲಾಗುವುದಿಲ್ಲ, ನಗರಕ್ಕೆ ನೀರು ಬೇಕೇ ಬೇಕು, ಉಳಿದ ದಾರಿ ಪ್ರವಾಸೋದ್ಯಮವೇ ತಾನೆ? ಅಣೆಕಟ್ಟು ಒಡೆಯಿರಿ ಎಂದು ನಾನೆಲ್ಲಿ ಹೇಳಿದೆ? ಪ್ರಕಲ್ಪಗ್ರಸ್ತರೂ ಹೇಳಿಲ್ಲ. ಅವರ ಅರ್ಜಿಗಳನ್ನು ಓದಿದರೆ ಅವರಷ್ಟು ವ್ಯವಹಾರಸ್ಥರು ಬೇರೆ ಇಲ್ಲ ಅನ್ನಿಸುತ್ತದೆ. ಕೊಡಬೇಕಾದ ಜಮೀನು ಕೊಡಿ, ಇಲ್ಲವಾದರೆ ಇವತ್ತಿನ ಬೆಲೆಯಲ್ಲಿ ಹಣ ಕೊಡಿ, ಮನೆಗೊಂದು ಕೆಲಸ ಕೊಡಿ, ನಮ್ಮ ಕಣ್ಣೆದುರಿನ ನೀರಿನಲ್ಲಿ ನಮ್ಮ ಹೊಲಕ್ಕೂ ಒಂದಿಷ್ಟು ನೀರು ಎತ್ತಿಕೊಳ್ಳಲು ಬಿಡಿ. ಇಷ್ಟೇ. ಪ್ರವಾಸೋದ್ಯಮದ ಮಾತು ಈ ಪಟ್ಟಿಗೆ ಉತ್ತರವೆಂಬಂತೆ ಬರುತ್ತಿರುವುದೇ ನನ್ನ ಆಕ್ಷೇಪ. ಕೊಯ್ನಾದಲ್ಲಿ ನೋಡಿ. ಅಲ್ಲಿನ ನಿರ್ವಸಿತರು ಮೂರನೇ ತಲೆಮಾರಿಗೂ ಜಮೀನಿಗಾಗಿ ಧರಣಿ ಕೂತರು. 2024ರಲ್ಲಿ ಅದೇ ಹಿನ್ನೀರಿನ ಮುನಾವಳೆಯಲ್ಲಿ ಸ್ಪೀಡ್ ಬೋಟುಗಳ ಜಲಪ್ರವಾಸ ಕೇಂದ್ರ ಉದ್ಘಾಟನೆಯಾಯಿತು. ಬೋಟಿಗೆ ಇಲಾಖೆಗಳ ಒಪ್ಪಿಗೆ ಸಿಗುತ್ತದೆ, ಹಕ್ಕುಪತ್ರಕ್ಕೆ ಸಿಗುವುದಿಲ್ಲ. ಪ್ರವಾಸಿಯ ದುಡ್ಡು ಸರ್ಕಾರದ ಬಾಕಿಯನ್ನು ಮರೆಸುವ ಉಪಾಯವಾದಾಗ, ಒಳ್ಳೆಯ ಮನಸ್ಸಿನ ಪ್ರವಾಸಿಯೂ ಆ ಉಪಾಯದ ಭಾಗವಾಗುತ್ತಾನೆ.

ಹಾಗಾದರೆ ಹೋಗಲೇಬಾರದೇ? ಹೋಗಿ. ಯಾರೂ ತಡೆಯುವುದಿಲ್ಲ, ತಡೆಯುವ ಅಧಿಕಾರವೂ ಅವರಿಗಿಲ್ಲ. ಆ ಅಧಿಕಾರವನ್ನು ಅವರಿಗೆ ಕೊಡಿ ಎನ್ನುವುದು ನನ್ನ ಮೊದಲ ಬೇಡಿಕೆ. ದಂಡೆಯ ಮೇಲೆ ಟೆಂಟು ಇರಬೇಕೇ, ಎಷ್ಟಿರಬೇಕು, ರಾತ್ರಿ ಎಷ್ಟು ಗಂಟೆಯವರೆಗೆ, ವಾಹನಕ್ಕೆ ಎಷ್ಟು ಶುಲ್ಕ ಎಂಬುದನ್ನು ಮುಳುಗಡೆಯ ಊರುಗಳ ಗ್ರಾಮಸಭೆಗಳು ತೀರ್ಮಾನಿಸಲಿ, ಶುಲ್ಕ ಅವುಗಳ ಖಾತೆಗೇ ಹೋಗಲಿ. ಬೇಡ ಎಂದು ಅವರು ಹೇಳಿದರೆ ಬೇಡ. ಕರಂಜವಿಹಿರೆಯ ಸಭೆಯೊಂದು ಹಾಗೆ ಬೇಡ ಎಂದು ಬಿಟ್ಟರೆ ಗ್ರಾಮೀಣ ಪ್ರವಾಸೋದ್ಯಮದ ಭಕ್ತರು ಗ್ರಾಮದ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ನೋಡಬೇಕು.

ಎರಡನೆಯದು ನಲ್ಲಿಯ ಲೆಕ್ಕ. ದಿನಕ್ಕೆ 20 ಕೋಟಿ ಲೀಟರ್ ಎಂದರೆ ವರ್ಷಕ್ಕೆ 7,300 ಕೋಟಿ ಲೀಟರ್. ಸಾವಿರ ಲೀಟರಿಗೆ ಒಂದು ರೂಪಾಯಿ ಮುಳುಗಡೆ ಕರ ಹಾಕಿದರೂ ವರ್ಷಕ್ಕೆ ಏಳು ಕೋಟಿ 30 ಲಕ್ಷ ರೂಪಾಯಿ ಆಗುತ್ತದೆ. ಖರಾಡಿಯ ಒಂದು ಮನೆ ದಿನಕ್ಕೆ ಐದುನೂರು ಲೀಟರ್ ಬಳಸಿದರೆ ತಿಂಗಳಿಗೆ ಹದಿನೈದು ರೂಪಾಯಿ. ದಡದಲ್ಲಿ ಒಂದು ಪ್ಲೇಟು ಕಾಂದಾ ಭಜಿಗೂ ಅದಕ್ಕಿಂತ ಹೆಚ್ಚು ಕೊಟ್ಟು ಬರುತ್ತಾರೆ. ಟೆಂಟಿಗೆ ಬಂದವನೂ ಬರದವನೂ, ಹಳ್ಳಿಯನ್ನು ಪ್ರೀತಿಸುವವನೂ ಪ್ರೀತಿಸದವನೂ ಒಂದೇ ಸಮ ಕೊಡುವ ಹಣ ಇದು. ಹಾಗಾಗಿ ಯಾರೂ ಯಾರಿಗೂ ಉಪಕಾರ ಮಾಡಿದಂತಾಗುವುದಿಲ್ಲ.

ಇದಕ್ಕೆ ಕಾಲ ಮೀರಿಲ್ಲ. ಇದೇ ಭಾಮಾ ಆಸಖೇಡದಿಂದ ಪಿಂಪ್ರಿ-ಚಿಂಚವಡಕ್ಕೆ ದಿನಕ್ಕೆ 16 ಕೋಟಿ 70 ಲಕ್ಷ ಲೀಟರ್ ಮಂಜೂರಾಗಿದೆ. ಅದರ ಕೊಳವೆ, ಜಾಕ್‌ವೆಲ್ ಕೆಲಸ ವರ್ಷಗಳಿಂದ ಎಳೆಯುತ್ತಾ ಬಂದಿದೆ. ಎರಡೂ ನಗರಗಳ ಪಾಲು ಕೂಡಿದರೆ ಅಣೆಕಟ್ಟಿನ ಅರ್ಧಕ್ಕಿಂತ ಹೆಚ್ಚು ನೀರು ಕಣಿವೆ ಬಿಟ್ಟು ಹೋಗುತ್ತದೆ. ಪುಣೆಯ ಸಲ ಪೊಲೀಸರನ್ನು ಮುಂದೆ ನಿಲ್ಲಿಸಿ ಕೊಳವೆ ಹಾಕಿದರು. ಪಿಂಪ್ರಿ-ಚಿಂಚವಡದ ಪಾಲಿಕೆ ತನ್ನ ನೀರಿನ ದರಪಟ್ಟಿಯಲ್ಲಿ ಆ ಒಂದು ರೂಪಾಯಿಯನ್ನು ಸೇರಿಸಿ, ಅದನ್ನು ಯಾವ ಖಾತೆಗೆ ಕಟ್ಟಬೇಕೆಂದು ದಡದ ಊರುಗಳನ್ನು ಕೇಳಿ, ಆಮೇಲೆ ಕವಾಟ ತಿರುಗಿಸಲಿ.